ಮನೆ ಕಂಪ್ಯೂಟರಿಗೆ ದುಡ್ಡು ಕೊಟ್ಟು ಆಂಟಿವೈರಸ್ ಹಾಕಿಸಬೇಕಾ?

ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಹೊಸ ವಿಂಡೋಸ್ 11 ಕಂಪ್ಯೂಟರ್ ತಗೊಂಡಿದ್ದೀರಿ, ಅಂಗಡಿಯವರು ಆಂಟಿವೈರಸ್ಸನ್ನೂ ಬಿಲ್ಲಿಗೆ ಸೇರಿಸ್ತೀವಿ ಅಂತಿದ್ದಾರೆ, ಅಲ್ವಾ? ಹೆಚ್ಚಿನವರಿಗೆ ಅದು ಬೇಕಾಗಲ್ಲ.

ವಿಂಡೋಸ್ ಜೊತೆಗೇ ಮೈಕ್ರೋಸಾಫ್ಟ್ ಡಿಫೆಂಡರ್ ಅನ್ನೋ ಆಂಟಿವೈರಸ್ ಪುಕ್ಕಟೆಯಾಗಿ ಬರುತ್ತದೆ. ಸ್ಟಾರ್ಟ್ ಒತ್ತಿ ‘ವಿಂಡೋಸ್ ಸೆಕ್ಯುರಿಟಿ’ ಅಂತ ಹುಡುಕಿ. ಒಳಗೆ ವೈರಸ್ ವಿಭಾಗದ ಮೇಲೆ ಹಸಿರು ಟಿಕ್ ಕಂಡರೆ ಅದು ಕಾವಲಿಗಿದೆ ಅಂತ ಅರ್ಥ. ಆದರೆ ಎಷ್ಟೋ ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಬೇರೆ ಕಂಪನಿಯ ಟ್ರಯಲ್ ಆಂಟಿವೈರಸ್ ಮೊದಲೇ ಕೂತಿರುತ್ತದೆ. ಅದು ಇರುವಾಗ ಡಿಫೆಂಡರ್ ಪಕ್ಕಕ್ಕೆ ಸರಿಯುತ್ತದೆ. ಟ್ರಯಲ್ ಮುಗಿದ ಮೇಲೆ ‘ಅಪಾಯ, ಅಪಾಯ’ ಅಂತ ಅದರ ಕಾಟ ಶುರು. ಅನ್‌ಇನ್‌ಸ್ಟಾಲ್ ಮಾಡಿ, ರೀಸ್ಟಾರ್ಟ್ ಮಾಡಿ. ಡಿಫೆಂಡರ್ ತಾನಾಗೇ ವಾಪಸ್ ಬರುತ್ತದೆ. ಜಾಸ್ತಿ ಭದ್ರತೆ ಅಂತ ಎರಡೆರಡು ಆಂಟಿವೈರಸ್ ಮಾತ್ರ ಹಾಕಬೇಡಿ. ಒಂದರ ಕೆಲಸಕ್ಕೆ ಇನ್ನೊಂದು ಅಡ್ಡ ಬಂದು ಕಂಪ್ಯೂಟರ್ ತೆವಳುತ್ತದೆ.

ಕೊಳ್ಳಲೇಬೇಕು ಅನಿಸಿದರೆ ಎವಿ-ಟೆಸ್ಟ್, ಎವಿ-ಕಂಪ್ಯಾರಟಿವ್ಸ್ ಸಂಸ್ಥೆಗಳ ಪರೀಕ್ಷಾ ಫಲಿತಾಂಶ ನೋಡಿ. ಮೊದಲ ವರ್ಷದ ರೇಟಿಗೆ ಮರುಳಾಗಬೇಡಿ, ರಿನ್ಯೂವಲ್‌ಗೆ ಎಷ್ಟು ಅಂತ ಕೇಳಿ.

ಹಳೆಯ ವಿಂಡೋಸ್ 10 ಕಂಪ್ಯೂಟರೂ ಮನೆಯಲ್ಲಿದ್ದರೆ ಅದರ ಚಿಂತೆ ಬೇರೆ. ಅದಕ್ಕೆ ಮೈಕ್ರೋಸಾಫ್ಟ್‌ನ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು, ಅಂದರೆ ಭದ್ರತೆಯ ತೂತು ಮುಚ್ಚುವ ಮಾಮೂಲಿ ಅಪ್‌ಡೇಟ್ ನಿಂತಿತು. ಆಂಟಿವೈರಸ್ ಖರೀದಿಸಿದರೂ ಆ ತೂತು ಮುಚ್ಚಲ್ಲ.

ಇನ್ನು, ‘ಇವತ್ತು ರಾತ್ರಿ ಕರೆಂಟ್ ಕಟ್’ ಅಂತ ಬೆಸ್ಕಾಂ ಹೆಸರಲ್ಲಿ ಹೆದರಿಸಿ, ನಿಮ್ಮ ಕೈಯಲ್ಲೇ ಸ್ಕ್ರೀನ್ ಶೇರ್ ಆ್ಯಪ್ ಹಾಕಿಸುವ ಕಳ್ಳರಿದ್ದಾರೆ. ನೀವೇ ಒಪ್ಪಿಗೆ ಒತ್ತಿದರೆ ಯಾವ ಆಂಟಿವೈರಸ್ಸೂ ತಡೆಯುವುದು ಕಷ್ಟ. ದುಡ್ಡು ಹೋದರೆ ತಡಮಾಡದೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.