ಸಹೋದ್ಯೋಗಿಯ ಮನೆ ಕಾಡ್ಗಿಚ್ಚಿಗೆ ಸುಟ್ಟುಹೋಗಿದೆ, ನಾನೇನು ಮಾಡಲಿ?

ಸಹೋದ್ಯೋಗಿಯ ಮನೆ ಪೂರ್ತಿ ಸುಟ್ಟುಹೋಗಿದೆ, ನಿಮ್ಮ ಕೈಯಲ್ಲಿ ಜಾಸ್ತಿ ಹಣ ಇಲ್ಲ, ಎದುರು ಸಿಕ್ಕರೆ ಏನು ಮಾತಾಡಬೇಕು ಅಂತಲೂ ತೋಚುತ್ತಿಲ್ಲ ಅಂತ ಕೇಳಿದ್ದೀರಿ. 2025ರ ಜನವರಿಯಲ್ಲಿ ನಾನೂ ಇದೇ ಸ್ಥಿತಿಯಲ್ಲಿದ್ದೆ. ಅದಕ್ಕೇ ಬರೆಯುತ್ತಿದ್ದೇನೆ.

ನಾವಿರುವುದು ಲಾಸ್ ಏಂಜಲೀಸ್ ಹತ್ತಿರದ ಪ್ಯಾಸಡೀನಾದಲ್ಲಿ. ಜನವರಿ 7ರ ಸಂಜೆ ಪಕ್ಕದ ಈಟನ್ ಕಣಿವೆಯಲ್ಲಿ ಬೆಂಕಿ ಹತ್ತಿತು. ವಿಪರೀತ ಗಾಳಿ. ಕಿಡಿಗಳು ಹಾರಿ ಬಂದು ಆಲ್ಟಡೀನಾ ಊರಿನ ಬೀದಿ ಬೀದಿಗಳೇ ಬೂದಿಯಾದವು. ಅದೊಂದು ಬೆಂಕಿಯಲ್ಲೇ 9,000ಕ್ಕೂ ಜಾಸ್ತಿ ಕಟ್ಟಡಗಳು ಹೋದವು. ಅದೇ ದಿನ ಸಮುದ್ರದ ಕಡೆ, ಪ್ಯಾಲಿಸೇಡ್ಸ್‌ನಲ್ಲಿ, ಇನ್ನೂ 6,000ಕ್ಕೂ ಜಾಸ್ತಿ. ನಮ್ಮ ಆಫೀಸಿನ ಹಿರಿಯರೊಬ್ಬರು ಮೂವತ್ತು ವರ್ಷ ಬಾಳಿದ ಮನೆಯೂ ಅದರಲ್ಲಿ ಹೋಯಿತು. ಗಂಡ ತೀರಿಹೋಗಿದ್ದಾರೆ, ಮಗ ದೂರದ ಊರಿನಲ್ಲಿದ್ದಾನೆ.

ನಾನು ಮೊದಲು ಮಾಡಿದ್ದು ಬೀರು ಖಾಲಿ ಮಾಡಿ ಮೂರು ಚೀಲ ಬಟ್ಟೆ ತುಂಬಿದ್ದು. ಸಂತ್ರಸ್ತರಿಗೆ ಸಾಮಾನು ಸಂಗ್ರಹಿಸುವ ಜಾಗಕ್ಕೆ ಕೊಡಲು ಹೋದರೆ ಅಲ್ಲಿ ಬಟ್ಟೆಯ ಗುಡ್ಡವೇ ಬಿದ್ದಿತ್ತು. ವಿಂಗಡಿಸಲು ಜನ ಇಲ್ಲ, ದಯವಿಟ್ಟು ವಾಪಸ್ ಒಯ್ಯಿರಿ ಅಂದರು. ಮನಸ್ಸಿಗೆ ಬೇಜಾರಾಯಿತು, ಆದರೆ ಅವರು ಹೇಳಿದ್ದು ಸರಿ. ಆ ವಾರದಲ್ಲಿ ಸಂತ್ರಸ್ತರಿಗೆ ಬೇಕಿದ್ದದ್ದು ತಮ್ಮ ಅಳತೆಯ ಒಳಉಡುಪು, ಶೂ, ಕನ್ನಡಕ, ದಿನಾ ನುಂಗುವ ಮಾತ್ರೆ, ಫೋನ್ ಚಾರ್ಜರ್. ಇದು ಅವರವರೇ ಆರಿಸಿ ಕೊಳ್ಳಬೇಕಾದದ್ದು. ಹಾಗಾಗಿ ಇಪ್ಪತ್ತೈದು ಡಾಲರ್ ಆದರೂ ಪರವಾಗಿಲ್ಲ, ಹಣವನ್ನೇ ಕೊಡಿ, ಇಲ್ಲವೇ ಅಂಗಡಿಯ ಗಿಫ್ಟ್ ಕಾರ್ಡ್ ಕೊಡಿ. ಕಡಿಮೆಯಾಯಿತೇನೋ ಅಂತ ನಾಚಿಕೊಳ್ಳಬೇಡಿ.

ಊಟ ಕೊಡಬೇಕು ಅನ್ನಿಸುತ್ತದೆ, ನಮ್ಮವರಿಗೆ ಅದು ರಕ್ತದಲ್ಲೇ ಬಂದದ್ದು. ಕೊಡಿ. ಆದರೆ ಅವರು ಎಲ್ಲಿ ಉಳಿದಿದ್ದಾರೆ, ಫ್ರಿಜ್ ಇದೆಯಾ ಅಂತ ಮೊದಲು ಕೇಳಿ. ನಮ್ಮ ಸಹೋದ್ಯೋಗಿ ಇದ್ದ ಹೋಟೆಲ್ ರೂಮಿನಲ್ಲಿ ಒಂದು ಮೈಕ್ರೋವೇವ್ ಬಿಟ್ಟರೆ ಏನೂ ಇರಲಿಲ್ಲ. ಒಂದು ಹೊತ್ತಿಗಾಗುವಷ್ಟು, ತೊಳೆದು ವಾಪಸ್ ಕೊಡಬೇಕಿಲ್ಲದ ಡಬ್ಬಿಯಲ್ಲಿ ಕೊಟ್ಟರೆ ಅವರಿಗೆ ಅನುಕೂಲ.

ಈಗ ನಿಜವಾಗಿ ಕೆಲಸಕ್ಕೆ ಬಂದದ್ದನ್ನು ಹೇಳುತ್ತೇನೆ. ಮನೆ ಸುಟ್ಟವರು ವಿಮೆಯವರಿಗೆ ಒಳಗಿದ್ದ ಸಾಮಾನುಗಳ ಪಟ್ಟಿ ಕೊಡಬೇಕಾಗುತ್ತದೆ. ಕ್ಯಾಲಿಫೋರ್ನಿಯಾದಲ್ಲಿ ಒಂದು ಪಾಲು ಹಣವನ್ನು ಪಟ್ಟಿ ಇಲ್ಲದೆಯೇ ಕೊಡಬೇಕೆಂಬ ಕಾನೂನಿದೆ. ಅದಕ್ಕಿಂತ ಜಾಸ್ತಿ ಬೇಕೆಂದರೆ ಒಂದೊಂದನ್ನೂ ಬರೆಯಬೇಕು: ಏನು, ಯಾವಾಗ ಕೊಂಡದ್ದು, ಈಗಿನ ಬೆಲೆ ಎಷ್ಟು. ಮೂವತ್ತು ವರ್ಷದ ಸಂಸಾರವನ್ನು ಒಬ್ಬರೇ ಕೂತು ನೆನಪಿಸಿಕೊಂಡು ಬರೆಯುವುದು ಎಂಥ ಹಿಂಸೆ, ಯೋಚಿಸಿ. ನಾನು ಶನಿವಾರ ಬೆಳಗ್ಗೆ ಲ್ಯಾಪ್‌ಟಾಪ್ ಹಿಡಿದು ಅವರ ರೂಮಿಗೆ ಹೋಗುತ್ತಿದ್ದೆ. ಅವರು ಕಣ್ಣು ಮುಚ್ಚಿ ಮನೆಯೊಳಗೆ ಓಡಾಡುವವರ ಹಾಗೆ ಹೇಳುತ್ತಿದ್ದರು, ನಾನು ಟೈಪ್ ಮಾಡುತ್ತಿದ್ದೆ. ಅಡುಗೆಮನೆಯ ಎರಡನೇ ಡ್ರಾಯರ್: ಸೌಟು ನಾಲ್ಕು, ಕತ್ತರಿ ಒಂದು, ಅಳತೆ ಚಮಚಗಳು. ಆಮೇಲೆ ಸುಮ್ಮನಾದರು. ಅಮ್ಮ ಕೈಯಾರೆ ಬರೆದಿಟ್ಟ ಅಡುಗೆ ಚೀಟಿಗಳೂ ಅದೇ ಡ್ರಾಯರಿನಲ್ಲಿದ್ದವಂತೆ. "ಇದರ ಬೆಲೆ ಎಷ್ಟು ಅಂತ ಬರೆಯಲಿ?" ಅಂತ ನನ್ನನ್ನೇ ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಅವತ್ತು ಅಲ್ಲಿಗೇ ನಿಲ್ಲಿಸಿ ಕಾಫಿ ಕುಡಿಯಲು ಹೊರಗೆ ಹೋದೆವು.

ಒಂದು ರಾತ್ರಿ ನನ್ನ ಫೋನ್‌ನಲ್ಲಿ ಹಳೆಯ ಫೋಟೊಗಳು ಸಿಕ್ಕವು. ಅವರ ಮನೆಗೆ ಊಟಕ್ಕೆ ಹೋಗಿದ್ದಾಗ ನನ್ನ ಮಗಳದ್ದು ತೆಗೆದದ್ದು. ಕಳಿಸಿದೆ. ಮರುದಿನ ಅವರು ಫೋಟೊ ದೊಡ್ಡದು ಮಾಡಿ, ಮಗಳ ಹಿಂದಿನ ಗೋಡೆಯನ್ನೇ ನೋಡುತ್ತಾ ಕೂತಿದ್ದರು. ಪುಸ್ತಕದ ಕಪಾಟು, ದೀಪ, ಗಂಡನ ಗಿಟಾರ್, ಎಲ್ಲವೂ ಅದರಲ್ಲಿತ್ತು. ವಿಮೆಗೆ ಸಾಕ್ಷಿಯೂ ಆಯಿತು, ಅವರಿಗೆ ತಮ್ಮ ಮನೆ ಮತ್ತೆ ಕಣ್ಣಿಗೆ ಬಿದ್ದಂತೆಯೂ ಆಯಿತು.

ಸುಟ್ಟ ಜಾಗಕ್ಕೆ ಅವರು ಕರೆದರೆ ಮಾತ್ರ ಹೋಗಿ. ಸುಟ್ಟ ಮನೆಯ ಬೂದಿಯಲ್ಲಿ ಸೀಸ, ಕಲ್ನಾರು (ಆಸ್ಬೆಸ್ಟಾಸ್) ಇರಬಹುದು. ಎನ್95 ಮಾಸ್ಕ್, ಕೈಗವಸು, ಮೈ ಮುಚ್ಚುವ ಬಟ್ಟೆ, ಗಟ್ಟಿ ಶೂ ಬೇಕೇ ಬೇಕು. ಮಕ್ಕಳನ್ನು ಒಯ್ಯಬೇಡಿ. ನಾವು ಜರಡಿ ಹಿಡಿದು ಅರ್ಧ ದಿನ ಹುಡುಕಿದೆವು. ಸಿಕ್ಕಿದ್ದು ಒಂದು ಪಿಂಗಾಣಿ ಬಟ್ಟಲು, ಅಂಚು ಮಾತ್ರ ಒಡೆದಿತ್ತು. ಅದನ್ನು ಅವರು ಯಾರ ಕೈಗೂ ಕೊಡದೆ ತಾವೇ ಮಡಿಲಲ್ಲಿಟ್ಟುಕೊಂಡು ಕಾರಿನಲ್ಲಿ ಬಂದರು.

ಮಾತಿನ ವಿಷಯ. "ಜೀವ ಉಳೀತಲ್ಲ, ಅದೇ ದೊಡ್ಡದು" ಅಂತ ನಮ್ಮ ಬಾಯಿಗೆ ತಾನಾಗಿ ಬರುತ್ತದೆ. ಅದನ್ನು ಅವರು ಹೇಳಿಕೊಂಡರೆ ಸರಿ, ನಾವು ಹೇಳಬಾರದು. ಕಳೆದುಕೊಂಡದ್ದಕ್ಕೆ ಅಳಲೂ ಬಾರದೇನೋ ಅನ್ನಿಸಿಬಿಡುತ್ತದೆ ಅವರಿಗೆ. "ಏನಾದ್ರೂ ಬೇಕಿದ್ರೆ ಹೇಳಿ" ಅನ್ನುವುದೂ ಅಷ್ಟಕ್ಕಷ್ಟೇ. ಯಾರೂ ಬಾಯಿಬಿಟ್ಟು ಕೇಳುವುದಿಲ್ಲ, ಅಲ್ವಾ? "ಗುರುವಾರ ಸಂಜೆ ಬರ್ತೀನಿ, ಒಗೆಯೋ ಬಟ್ಟೆ ಕೊಡಿ" ಅಂದರೆ ಅವರು ಹ್ಞೂಂ ಅನ್ನುವುದಷ್ಟೇ ಬಾಕಿ. "ತುಂಬಾ ನೋವಾಯ್ತು, ಆ ಮನೆ ನನಗೂ ಇಷ್ಟ ಇತ್ತು" ಅನ್ನಿ. ಆಮೇಲೆ ಅವರು ಮಾತಾಡಿದರೆ ಕೇಳಿ, ಸುಮ್ನಿದ್ದರೆ ಸುಮ್ನಿರಿ.

ಇನ್ನೊಂದು, ಯಾರ ಕಣ್ಣಿಗೂ ಬೀಳದವರೂ ಇದ್ದಾರೆ. ಆ ಮನೆಗಳಲ್ಲಿ ಕಸ ಗುಡಿಸಿ ಒರೆಸುತ್ತಿದ್ದವರು, ತೋಟ ನೋಡಿಕೊಳ್ಳುತ್ತಿದ್ದವರು, ಬಾಡಿಗೆಗಿದ್ದವರು. ಮನೆಯ ಜೊತೆ ಅವರ ದುಡಿಮೆಯೂ ಹೋಯಿತು. ನಿಮ್ಮ ಪರಿಚಯದಲ್ಲಿ ಅಂಥವರಿದ್ದರೆ ಒಂದಿಷ್ಟು ಕೆಲಸ ಕೊಡಿಸಿ. ಬಾಡಿಗೆ ಮನೆ ಹುಡುಕುವವರಿಗೆ ಜೊತೆಯಾಗಿ. ಕ್ಯಾಲಿಫೋರ್ನಿಯಾದಲ್ಲಿ ತುರ್ತು ಪರಿಸ್ಥಿತಿ ಘೋಷಿಸಿದ ಮೇಲೆ ನಿಗದಿತ ಅವಧಿಯವರೆಗೆ ಬಾಡಿಗೆಯನ್ನು ಸಾಮಾನ್ಯವಾಗಿ ಶೇ. 10ಕ್ಕಿಂತ ಜಾಸ್ತಿ ಏರಿಸುವಂತಿಲ್ಲ. ಇದು ಎಷ್ಟೋ ಜನಕ್ಕೆ ಗೊತ್ತೇ ಇರುವುದಿಲ್ಲ.

ಮೊದಲ ಎರಡು ವಾರ ಎಲ್ಲರೂ ಇರುತ್ತಾರೆ. ಮೂರನೇ ತಿಂಗಳಿಗೆ ಫೋನ್ ಮಾಡುವವರು ಕಡಿಮೆಯಾಗುತ್ತಾರೆ, ವಿಮೆಯ ಕಾಗದಗಳು ಮಾತ್ರ ಬರುತ್ತಲೇ ಇರುತ್ತವೆ. ನಾನು ಫೋನ್ ಕ್ಯಾಲೆಂಡರಿನಲ್ಲಿ ತಿಂಗಳಿಗೊಂದು ದಿನ ಗುರುತು ಹಾಕಿಟ್ಟಿದ್ದೇನೆ, ಈಗಲೂ ಇದೆ. ನೀವೂ ಹಾಕಿಕೊಳ್ಳಿ. ಅದಕ್ಕೂ ಮೊದಲು, ಇವತ್ತು ರಾತ್ರಿಯೇ, ನಿಮ್ಮ ಫೋನ್‌ನಲ್ಲಿ ಅವರ ಮನೆಯ ಫೋಟೊ ಏನಾದರೂ ಇದೆಯಾ ಹುಡುಕಿ. ಸಿಕ್ಕರೆ "ಕಳಿಸಲಾ?" ಅಂತ ಒಂದು ಮಾತು ಕೇಳಿ, ಕಳಿಸಿ.