ಷರತ್ತುಗಳಿದ್ದವು, ಆದರೆ ಅವು ನಮ್ಮವರೆಗೆ ಬರಲಿಲ್ಲ

ನಷ್ಟದಲ್ಲಿರುವ ಕಾರು ಕಂಪನಿಗೆ ಸರ್ಕಾರ ಹಣ ಕೊಡುವಾಗ ಕಠಿಣ ಷರತ್ತು ಹಾಕಿದರೆ ಕಂಪನಿಯೇ ಮುಳುಗಿ, ಅದನ್ನು ನಂಬಿಕೊಂಡು ಬಿಡಿಭಾಗ ತಯಾರಿಸುವ ನಿಮ್ಮಂಥ ಸಣ್ಣ ಕಾರ್ಖಾನೆಗಳೂ ಮುಳುಗುತ್ತವೆ ಎಂದು ಅಂಜಿ, ಷರತ್ತು ಬೇಕೇ ಬೇಡವೇ ಎಂದು ನೀವು ಕೇಳಿದ್ದೀರಿ. ಇದೇ ಅಂಜಿಕೆಯಲ್ಲಿ ನಾನು 2009ರ ಮೊದಲ ಆರು ತಿಂಗಳನ್ನು ಕಳೆದಿದ್ದೇನೆ. ಅಂಜಬೇಕಾದದ್ದು ಬೇರೆಯದಕ್ಕೆ ಎಂದು ಗೊತ್ತಾಗುವ ಹೊತ್ತಿಗೆ ನಮ್ಮ ಕಾರ್ಖಾನೆಗೆ ಬೀಗ ಬಿದ್ದಿತ್ತು.

ಆಗ ನಾನು ಅಮೆರಿಕದ ಮಿಷಿಗನ್ ರಾಜ್ಯದಲ್ಲಿ, ಉಕ್ಕಿನ ತಗಡನ್ನು ಪ್ರೆಸ್ ಯಂತ್ರದಲ್ಲಿ ಒತ್ತಿ ಕಾರಿನ ಸೀಟಿಗೆ ಬೇಕಾಗುವ ಬ್ರ್ಯಾಕೆಟ್‌ಗಳನ್ನು ಮಾಡುತ್ತಿದ್ದ, ಸುಮಾರು ನಲವತ್ತು ಜನರ ಕಾರ್ಖಾನೆಯೊಂದರ ಹಣಕಾಸು ನೋಡಿಕೊಳ್ಳುತ್ತಿದ್ದೆ. ನಮ್ಮ ಮಾಲು ಕಾರು ಕಂಪನಿಗೆ ನೇರವಾಗಿ ಹೋಗುತ್ತಿರಲಿಲ್ಲ. ಸೀಟು ಜೋಡಿಸುವ ದೊಡ್ಡ ಸಂಸ್ಥೆಯೊಂದು ನಮ್ಮಿಂದ ಕೊಳ್ಳುತ್ತಿತ್ತು, ಕಾರು ಕಂಪನಿ ಅದರಿಂದ ಕೊಳ್ಳುತ್ತಿತ್ತು. ಅಂದರೆ ನಾವು ಎರಡನೇ ಹಂತದ ಪೂರೈಕೆದಾರರು. ನನ್ನ ಕಥೆಯೆಲ್ಲ ಈ ಒಂದು ಸಂಗತಿಯಲ್ಲೇ ಇದೆ.

ಆಗ ಅಮೆರಿಕದ ಸರ್ಕಾರ ಕಾರು ಕಂಪನಿಗಳಿಗೆ ಕೊಟ್ಟ ನೆರವನ್ನು ಷರತ್ತಿಲ್ಲದೆ ಸುರಿದರು ಎಂದು ಇಂದಿಗೂ ಹೇಳುವವರಿದ್ದಾರೆ. ಅದು ನಿಜವಲ್ಲ. 2008ರ ಡಿಸೆಂಬರ್ 19ರಂದು ಅಧ್ಯಕ್ಷ ಬುಷ್ ಅವರು ಜನರಲ್ ಮೋಟರ್ಸ್ ಮತ್ತು ಕ್ರೈಸ್ಲರ್ ಕಂಪನಿಗಳಿಗೆ ಪ್ರಕಟಿಸಿದ 1,740 ಕೋಟಿ ಡಾಲರ್ ಸಾಲದ ಜೊತೆಗೆ ಉದ್ದನೆಯ ಪಟ್ಟಿಯೇ ಇತ್ತು: ಅಡಮಾನದ ಭದ್ರತೆಯಿಲ್ಲದ ಸಾಲದಲ್ಲಿ ಮೂರನೇ ಎರಡು ಭಾಗವನ್ನು ಷೇರುಗಳಾಗಿ ಬದಲಿಸಿ ಇಳಿಸಬೇಕು, ಕಾರ್ಮಿಕರ ವೇತನವನ್ನು ಅಮೆರಿಕದಲ್ಲಿರುವ ವಿದೇಶಿ ಕಂಪನಿಗಳ ಮಟ್ಟಕ್ಕೆ ತರಬೇಕು, ಮೇಲಧಿಕಾರಿಗಳ ಸಂಭಾವನೆಗೆ ಮಿತಿ ಇರಬೇಕು, ಖಾಸಗಿ ವಿಮಾನಗಳನ್ನು ಮಾರಬೇಕು. 2009ರ ಮಾರ್ಚ್ 30ರಂದು ಅಧ್ಯಕ್ಷ ಒಬಾಮಾ ಅವರು ಎರಡೂ ಕಂಪನಿಗಳ ಯೋಜನೆಗಳನ್ನು ಒಪ್ಪದೆ ಹಿಂದಿರುಗಿಸಿದರು. ಜನರಲ್ ಮೋಟರ್ಸ್‌ನ ಮುಖ್ಯಸ್ಥ ರಿಕ್ ವ್ಯಾಗನರ್ ಹುದ್ದೆ ಬಿಡಬೇಕಾಯಿತು. ನಾನು ಆ ಪಟ್ಟಿಯನ್ನು ಪರೀಕ್ಷೆಗೆ ಓದುವ ಹುಡುಗನಂತೆ ಓದಿದ್ದೆ. ಕೆಳಗಿನ ಪೂರೈಕೆದಾರನ ಬಿಲ್ಲನ್ನು ಎಷ್ಟು ದಿನಗಳೊಳಗೆ ತೀರಿಸಬೇಕು ಎಂಬ ಮಾತು ಅದರಲ್ಲಿ ಇಲ್ಲವೆಂಬುದು ಮಾತ್ರ ನನ್ನ ಕಣ್ಣಿಗೆ ಬೀಳಲಿಲ್ಲ.

ಈಗ ನನ್ನ ತಪ್ಪಿಗೆ ಬರುತ್ತೇನೆ. ಇದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಸೀಟಿನ ಸಂಸ್ಥೆ ನಮಗೆ ಅರವತ್ತು ದಿನಗಳ ನಂತರ ಹಣ ಕೊಡುತ್ತಿತ್ತು. ಡೆಟ್ರಾಯಿಟ್‌ನ, ಅಂದರೆ ಅಲ್ಲಿನ ಕಾರು ಉದ್ಯಮದ, ಬಾಕಿಯನ್ನು ಆಧಾರವಾಗಿಟ್ಟುಕೊಂಡು ಸಾಲ ಕೊಡಲು ಬ್ಯಾಂಕುಗಳು ಹಿಂದೇಟು ಹಾಕುತ್ತಿದ್ದುದರಿಂದ, ಏಪ್ರಿಲ್‌ನಿಂದ ಮೂವತ್ತೇ ದಿನಗಳ ಉದ್ದರಿ, ಅದಕ್ಕೆ ಒಪ್ಪದಿದ್ದರೆ ಅರ್ಧ ಹಣ ಮುಂಗಡ ಎಂದು ನಾನು ಪತ್ರವೊಂದನ್ನು ಸಿದ್ಧಪಡಿಸಿದ್ದೆ. ಅಷ್ಟರಲ್ಲಿ ಮಾರ್ಚ್ 19ರಂದು ಅಮೆರಿಕದ ಖಜಾನೆ ಇಲಾಖೆ ಬಿಡಿಭಾಗ ಪೂರೈಕೆದಾರರಿಗಾಗಿ 500 ಕೋಟಿ ಡಾಲರ್‌ವರೆಗಿನ ನೆರವನ್ನು ಪ್ರಕಟಿಸಿತು. ಆ ಸಂಜೆ ನಾನು ಮಾಲೀಕರಿಗೆ, "ಇನ್ನು ಹೆದರಬೇಕಾಗಿಲ್ಲ, ಈ ಹೊತ್ತಿನಲ್ಲಿ ದೊಡ್ಡ ಗಿರಾಕಿಯ ಮನಸ್ಸು ಕೆಡಿಸುವುದು ಬೇಡ," ಎಂದು ಹೇಳಿ ಪತ್ರವನ್ನು ಕಡತದೊಳಗೆ ಇಟ್ಟುಬಿಟ್ಟೆ.

ಆ ಪ್ರಕಟಣೆಯ ಶೀರ್ಷಿಕೆಯಲ್ಲಿ "ಪೂರೈಕೆದಾರರು" ಎಂಬ ಪದವನ್ನು ಕಂಡು, ಅದರಲ್ಲಿ ನಾವೂ ಸೇರಿದ್ದೇವೆ ಎಂದು ನಾನೇ ಅಂದುಕೊಂಡೆ. ಆ ಯೋಜನೆ ಖಾತರಿ ಕೊಡುತ್ತಿದ್ದುದು ಕಾರು ಕಂಪನಿಯೇ ನೇರವಾಗಿ ತೀರಿಸಬೇಕಾಗಿದ್ದ ಬಾಕಿಗೆ ಮಾತ್ರ, ಮತ್ತು ಯಾವ ಪೂರೈಕೆದಾರರನ್ನು ಸೇರಿಸಬೇಕೆಂದು ಆರಿಸುವ ಅಧಿಕಾರವೂ ಕಾರು ಕಂಪನಿಯ ಕೈಯಲ್ಲೇ ಇತ್ತು. ಸೀಟಿನ ಸಂಸ್ಥೆಗೆ ಖಾತರಿ ಸಿಕ್ಕಿದರೂ ಆ ಹಣದಿಂದ ಅದು ನಮಗೆ ಕೊಡಬೇಕೆಂಬ ಕಟ್ಟುಪಾಡು ಎಲ್ಲೂ ಇರಲಿಲ್ಲ. ಎರಡು ಪುಟಗಳನ್ನು ಕೊನೆಯವರೆಗೆ ಓದಿದ್ದರೆ ತಿಳಿಯುತ್ತಿದ್ದ ವಿಷಯ ಇದು.

ಏಪ್ರಿಲ್ ತಿಂಗಳಲ್ಲಿ ಬೇಡಿಕೆ ಏಕಾಏಕಿ ಹೆಚ್ಚಿತು. ನಾವು ಸಂತೋಷದಿಂದ ಹೆಚ್ಚುವರಿ ಪಾಳಿ ನಡೆಸಿ ಅರವತ್ತು ದಿನಗಳ ಉದ್ದರಿಯ ಮೇಲೆಯೇ ಮಾಲು ಕಳುಹಿಸಿದೆವು. ಮುಂದೆ ಕಾರ್ಖಾನೆಗಳು ನಿಲ್ಲುತ್ತವೆಂದು ಗಿರಾಕಿ ದಾಸ್ತಾನು ಮಾಡಿಕೊಳ್ಳುತ್ತಿದ್ದಾನೆ ಎಂದು ನನಗೆ ಹೊಳೆಯಲೇ ಇಲ್ಲ. ಏಪ್ರಿಲ್ 30ರಂದು ಕ್ರೈಸ್ಲರ್, ಜೂನ್ 1ರಂದು ಜನರಲ್ ಮೋಟರ್ಸ್ ದಿವಾಳಿ ನ್ಯಾಯಾಲಯದ ಮೊರೆ ಹೋದವು. ವಾರಗಟ್ಟಲೆ ಉತ್ಪಾದನೆ ನಿಂತಿತು, ಅದರೊಂದಿಗೆ ಗಿರಾಕಿಯಿಂದ ನಮಗೆ ಹಣ ಬರುವುದೂ ನಿಂತಿತು. ಜೂನ್ ಕೊನೆಗೆ ನಮ್ಮ ಗಿರಾಕಿಯೂ ದಿವಾಳಿ ಅರ್ಜಿ ಹಾಕಿದ. ಅಮೆರಿಕದ ದಿವಾಳಿ ಕಾನೂನಿನಲ್ಲಿ, ಅರ್ಜಿಗೆ ಮುಂಚಿನ 20 ದಿನಗಳೊಳಗೆ ತಲುಪಿದ ಮಾಲಿನ ಹಣಕ್ಕೆ ಆದ್ಯತೆ ಇದೆ. ನಮ್ಮ ಕೊನೆಯ ಲಾರಿ ಹೋದದ್ದು ಮೇ ಮೊದಲ ವಾರದಲ್ಲಿ. ಆದ್ದರಿಂದ ಎರಡು ತಿಂಗಳ ಬಾಕಿಯೆಲ್ಲವೂ ಭದ್ರತೆಯಿಲ್ಲದೆ ಸಾಲ ಕೊಟ್ಟವರ ಸಾಲಿನ ತುದಿಗೆ ಸೇರಿತು. ಮೂವತ್ತು ದಿನಗಳ ಆ ಪತ್ರ ಹೋಗಿದ್ದರೆ ಕಡೇಪಕ್ಷ ಏಪ್ರಿಲ್ ಮೊದಲ ವಾರಗಳ ಹಣವಾದರೂ ಕೈಸೇರುತ್ತಿತ್ತು. ಅಷ್ಟಿದ್ದರೆ ಉತ್ಪಾದನೆ ಮತ್ತೆ ಶುರುವಾಗುವವರೆಗೆ ಸಂಬಳ ಕೊಡಬಹುದಿತ್ತು. ಎರಡೂ ಕಾರು ಕಂಪನಿಗಳು ಆ ಬೇಸಿಗೆಯಲ್ಲೇ ದಿವಾಳಿತನದಿಂದ ಹೊರಬಂದವು. ನಾವು ಅಷ್ಟು ದಿನ ಉಸಿರು ಹಿಡಿಯಲಾಗಲಿಲ್ಲ.

ಹೀಗಾಗಿ "ಷರತ್ತು ಬೇಕೇ, ಬೇಡವೇ" ಎಂಬ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಸಾಲ ಕೊಡುವವನು ಷರತ್ತು ಹಾಕಿಯೇ ಹಾಕುತ್ತಾನೆ, ಸರ್ಕಾರವೂ ಅಷ್ಟೇ. ಆ ಷರತ್ತು ಯಾರಿಂದ ಕಿತ್ತುಕೊಳ್ಳುತ್ತದೆ, ಯಾರಿಗೆ ತಲುಪಿಸುತ್ತದೆ ಎಂದು ಕೇಳಿ. 1980ರ ಜನವರಿಯಲ್ಲಿ ಅಧ್ಯಕ್ಷ ಕಾರ್ಟರ್ ಸಹಿ ಹಾಕಿದ ಕಾನೂನು ಕ್ರೈಸ್ಲರ್‌ನ 150 ಕೋಟಿ ಡಾಲರ್‌ವರೆಗಿನ ಸಾಲಕ್ಕೆ ಖಾತರಿ ನೀಡಿತು. ಅದನ್ನು ಮಾದರಿಯೆಂದು ಹೊಗಳುತ್ತಾರೆ, ಏಕೆಂದರೆ ಕಂಪನಿ 1983ರಲ್ಲೇ ಸಾಲ ತೀರಿಸಿತು, ಷೇರು ಕೊಳ್ಳುವ ಹಕ್ಕುಪತ್ರಗಳನ್ನು ಮಾರಿ ಸರ್ಕಾರವೂ 31 ಕೋಟಿ ಡಾಲರ್‌ಗೂ ಹೆಚ್ಚು ಗಳಿಸಿತು. ಆದರೆ ಆ ಕಾನೂನಿನಲ್ಲಿಯೂ ಪೂರೈಕೆದಾರರು ಬಂದದ್ದು ಕೊಡುವವರ ಪಟ್ಟಿಯಲ್ಲಿ: ಬ್ಯಾಂಕು, ಕಾರ್ಮಿಕ, ವಿತರಕರ ಜೊತೆಗೆ ಅವರೂ ತ್ಯಾಗ ಮಾಡಬೇಕಿತ್ತು.

ವಿಮಾನ ಮಾರಿ ಎಂಬಂಥ ಷರತ್ತು ಜನರ ಸಿಟ್ಟನ್ನು ತಣಿಸುತ್ತದೆ, ಅಷ್ಟೇ. ನನಗೆ ಮೆಚ್ಚುಗೆಯಾದದ್ದು 2009ರಲ್ಲಿ ಕ್ರೈಸ್ಲರ್‌ನ ಪಾಲುದಾರನಾಗಿ ಬಂದ ಇಟಲಿಯ ಕಾರು ಕಂಪನಿ ಫಿಯಟ್‌ಗೆ ಹಾಕಿದ್ದು. ಕ್ರೈಸ್ಲರ್‌ನಲ್ಲಿ ಅದಕ್ಕೆ ಮೊದಲು ಸಿಕ್ಕಿದ್ದು 20 ಶೇಕಡಾ ಪಾಲು. ಇಂಧನ ಉಳಿಸುವ ಎಂಜಿನ್ನನ್ನು ಅಮೆರಿಕದಲ್ಲಿ ತಯಾರಿಸುವುದು, ಗ್ಯಾಲನ್ನಿಗೆ 40 ಮೈಲಿ ಓಡುವ ಕಾರನ್ನು ಅಲ್ಲೇ ಕಟ್ಟುವುದು ಮುಂತಾದ ಮೂರು ಕೆಲಸಗಳಲ್ಲಿ ಒಂದೊಂದು ಮುಗಿದಾಗಲೂ ತಲಾ 5 ಶೇಕಡಾ ಸೇರುತ್ತಿತ್ತು. ಕೆಲಸ ಆಗದಿದ್ದರೆ ಪಾಲೂ ಇಲ್ಲ. ಬಿಲ್ಲು ತೀರಿಸುವುದಕ್ಕೂ ಇಂಥದೇ ಕೊಂಡಿ ಇರಬೇಕು: ಮೊದಲ ಹಂತದವನು ಕೆಳಗಿನವರ ಬಾಕಿಯನ್ನು ತೀರಿಸಿದ ಲೆಕ್ಕ ತೋರಿಸುವವರೆಗೆ ಸರ್ಕಾರದ ಮುಂದಿನ ಕಂತು ಬಿಡುಗಡೆಯಾಗಬಾರದು. ಇದು ಕಂಪನಿಯ ಕತ್ತು ಹಿಸುಕುತ್ತದೆ ಎನ್ನುವವರ ಮಾತನ್ನು ನಾನು ನಂಬುವುದಿಲ್ಲ. ಕೊಡಬೇಕಾದ ಹಣವನ್ನೇ ಅವರು ಕೊಡುತ್ತಿರುತ್ತಾರೆ.

ಇಂಥ ಷರತ್ತನ್ನು ನಿಮ್ಮ ಸರ್ಕಾರ ಹಾಕುವವರೆಗೆ ಕಾಯಬೇಡಿ. ನೆರವಿನ ಆದೇಶದ ಪೂರ್ಣಪಾಠವನ್ನು ತರಿಸಿ, "ಪೂರೈಕೆದಾರ" ಎಂಬ ಪದದ ವ್ಯಾಖ್ಯಾನವನ್ನು ಮೊದಲು ಓದಿ. ನಿಮ್ಮ ಹೆಸರು ಯಾವ ಪಟ್ಟಿಯಲ್ಲಿದೆ ಎಂದು ಗಿರಾಕಿಯಿಂದ ಬರಹದಲ್ಲಿ ಪಡೆಯಿರಿ. ಬಾಯಿಮಾತಿನ ಭರವಸೆಗೆ ಮಾಲು ಕಳುಹಿಸಬೇಡಿ. ಉದ್ದರಿಯ ದಿನಗಳನ್ನು ಈ ವಾರವೇ ಇಳಿಸಿ. ಈ ನಡುವೆ ಗಿರಾಕಿ ಇದ್ದಕ್ಕಿದ್ದಂತೆ ಎರಡು ಪಟ್ಟು ಮಾಲು ಕೇಳಿದರೆ, ಹೆಚ್ಚುವರಿ ಪಾಳಿ ಹಾಕುವ ಮೊದಲು ಅವನಿಗೆ ಫೋನ್ ಮಾಡಿ, ಅವನ ಗೋದಾಮಿನಲ್ಲಿ ಎಷ್ಟು ವಾರಗಳ ದಾಸ್ತಾನಿದೆ ಎಂದು ಕೇಳಿ.