ಫ್ಲ್ಯಾಟು ಯಾರ ಹೆಸರಿನಲ್ಲಿದೆ?

ಹಾಸನದ ಓದುಗರೊಬ್ಬರು ಹೆಸರು ಹಾಕಬೇಡಿ ಎಂದು ಕೋರಿ ಬರೆದಿದ್ದಾರೆ. ಪತ್ರದ ಸಾರ ಇಷ್ಟು: ಮದುವೆಯಾಗಿ 16 ವರ್ಷ. ಇಬ್ಬರೂ ದುಡಿಯುವವರು. ಗಂಡನ ಸಂಬಳ ಫ್ಲ್ಯಾಟಿನ ಕಂತಿಗೆ; ಇವರ ಸಂಬಳ ದಿನಸಿಗೆ, ಮಗಳ ಫೀಸಿಗೆ, ಅತ್ತೆಯ ಔಷಧಿಗೆ. ಮುಂಗಡ ಕಟ್ಟುವಾಗ ತವರಿನವರು ಕೊಟ್ಟ ಒಡವೆ ಮಾರಿದ್ದೂ ಆಯಿತು. ಈಗ ಪರಸ್ಪರ ಒಪ್ಪಿಗೆಯ ವಿಚ್ಛೇದನದ ಮಾತು ನಡೆದಿದೆ. "ಫ್ಲ್ಯಾಟು ನನ್ನ ಹೆಸರಲ್ಲಿದೆ, ನಿನಗೇನೂ ಬರೋದಿಲ್ಲ" ಎನ್ನುತ್ತಾರಂತೆ ಗಂಡ. "ಕಾನೂನಿನಲ್ಲಿ ಹೆಂಡತಿಗೆ ಅರ್ಧ ಪಾಲು ಇದೆಯಲ್ಲವೇ?" ಎಂಬುದು ಇವರ ಪ್ರಶ್ನೆ.

ಇಲ್ಲ, ಸೋದರಿ. 1955ರ ಹಿಂದೂ ವಿವಾಹ ಕಾಯ್ದೆಯಲ್ಲಿ ಅಂಥ ಅರ್ಧ ಪಾಲು ಇಲ್ಲ. ಗಂಡನ ಸ್ಥಿರಾಸ್ತಿಯಲ್ಲಿ ಹೆಂಡತಿಗೆ ಪಾಲು ಕೊಡಿಸುವ ಮಸೂದೆಯೊಂದು 2013ರಲ್ಲಿ ರಾಜ್ಯಸಭೆಯನ್ನು ದಾಟಿತ್ತು; ಮರುವರ್ಷ ಲೋಕಸಭೆಯ ಅವಧಿ ಮುಗಿದಾಗ ಬಿದ್ದುಹೋಯಿತು. ಕಾರವಾರದ ಗಡಿ ದಾಟಿ ಗೋವಾಕ್ಕೆ ಹೋದರೆ ಮಾತು ಬೇರೆ. ಅಲ್ಲಿ ಪೋರ್ಚುಗೀಸರ ಕಾಲದ ಸಿವಿಲ್ ಸಂಹಿತೆ ಉಳಿದಿರುವುದರಿಂದ, ಬೇರೆ ಕರಾರು ಮಾಡಿಕೊಳ್ಳದಿದ್ದರೆ ಆಸ್ತಿ ದಂಪತಿಗಳಿಬ್ಬರದೂ. ನಮ್ಮಲ್ಲಿ ನ್ಯಾಯಾಲಯ ಮೊದಲು ನೋಡುವುದು ಕ್ರಯಪತ್ರ ಯಾರ ಹೆಸರಿನಲ್ಲಿದೆ, ಹಣ ಯಾರು ಕೊಟ್ಟರು ಎಂಬುದನ್ನು.

ಹಾಗೆಂದು ನಿಮ್ಮ ಯಜಮಾನರ ಮಾತೂ ನಿಜವಲ್ಲ.

ಒಡವೆಯಿಂದ ಶುರುಮಾಡಿ, ಪತ್ರದಲ್ಲಿ ಒಂದೇ ಸಾಲಿನಲ್ಲಿ ಮುಗಿಸಿದ್ದೀರಿ, ಆದರೆ ನಿಮ್ಮ ಕೈಯಲ್ಲಿರುವ ಗಟ್ಟಿ ಹಕ್ಕು ಅದೇ. ತವರಿನವರು ಕೊಟ್ಟ ಚಿನ್ನ ಸ್ತ್ರೀಧನ, ಅದಕ್ಕೆ ಒಡತಿ ನೀವೊಬ್ಬರೇ. 1985ರ ಪ್ರತಿಭಾ ರಾಣಿ ಪ್ರಕರಣದಲ್ಲೇ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟಪಡಿಸಿದೆ. ಕಷ್ಟಕಾಲದಲ್ಲಿ ಗಂಡ ಅದನ್ನು ಬಳಸಿಕೊಂಡರೂ ಹಿಂದಿರುಗಿಸುವ ಹೊಣೆ ಅವನ ಮೇಲಿರುತ್ತದೆ. ಕೇರಳದ ದಂಪತಿಯ ವ್ಯಾಜ್ಯವೊಂದರಲ್ಲಿ 89 ಪವನ್ (ಒಂದು ಪವನ್ ಎಂದರೆ 8 ಗ್ರಾಂ) ಚಿನ್ನ ಗಂಡನ ಮನೆಯವರ ಸಾಲಕ್ಕೆ ಹೋಗಿತ್ತು. 2024ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಆ ಹೆಂಡತಿಗೆ 25 ಲಕ್ಷ ರೂಪಾಯಿ ಕೊಡಿಸಿತು. ಆದ್ದರಿಂದ ಮದುವೆಯ ಫೋಟೊ, ಆಭರಣದಂಗಡಿಯ ಬಿಲ್ಲು, ಮಾರಿದ ರಸೀದಿ, ಆ ಹಣ ಗಂಡನ ಖಾತೆಗೆ ಹೋದದ್ದನ್ನು ತೋರಿಸುವ ಪಾಸ್‌ಬುಕ್ ಹುಡುಕಿಡಿ. ಬಿಲ್ಲಿಲ್ಲವೆಂದು ಕೈಚೆಲ್ಲಬೇಡಿ, ಕೊಟ್ಟದ್ದನ್ನು ಕಂಡ ಅಣ್ಣಂದಿರ ಸಾಕ್ಷ್ಯವೂ ಸಾಕ್ಷ್ಯವೇ.

ಇನ್ನು ದಿನಸಿಗೆ ಹೋದ ಸಂಬಳ. ಮನೆಯ ಒಲೆ ನಿಮ್ಮ ದುಡ್ಡಿನಲ್ಲಿ ಉರಿದದ್ದರಿಂದಲೇ ಅವರ ದುಡ್ಡು ಬ್ಯಾಂಕಿಗೆ ಹೋಯಿತು. ಇಷ್ಟು ಸರಳ ಲೆಕ್ಕವನ್ನು ಕಾಯ್ದೆ ಇನ್ನೂ ಬರೆದುಕೊಂಡಿಲ್ಲ ಎಂಬುದು ನನ್ನ ಸಿಟ್ಟು. ಹೆಂಡತಿ ಮನೆ ನಡೆಸಿದ್ದೂ ಆಸ್ತಿ ಗಳಿಕೆಗೆ ಕೊಟ್ಟ ಕಾಣಿಕೆಯೇ ಎಂದು ಮದ್ರಾಸ್ ಹೈಕೋರ್ಟ್ 2023ರಲ್ಲಿ ಒಂದು ಪ್ರಕರಣದಲ್ಲಿ ಒಪ್ಪಿ ಪಾಲು ಕೊಟ್ಟಿದೆ. ಕರ್ನಾಟಕದ ನ್ಯಾಯಾಲಯಗಳು ಅದಕ್ಕೆ ಕಟ್ಟುಬಿದ್ದಿಲ್ಲ, ಆದರೂ ನಿಮ್ಮ ವಕೀಲರು ಅದನ್ನು ಮುಂದಿಟ್ಟು ವಾದಿಸಬಹುದು.

ಜೀವನಾಂಶವನ್ನು ತಿಂಗಳ ಬಾಬತ್ತೆಂದೇ ನೋಡಬೇಡಿ. ಹಿಂದೂ ವಿವಾಹ ಕಾಯ್ದೆಯ 25ನೇ ಕಲಂನಡಿ ಇಡಿಗಂಟಾಗಿಯೂ ಕೇಳಬಹುದು. ನೀವು ಸಂಬಳದವರು ಎಂಬ ಒಂದೇ ಕಾರಣಕ್ಕೆ ಆ ಬಾಗಿಲು ಮುಚ್ಚುವುದಿಲ್ಲ, ಮೊತ್ತ ಮಾತ್ರ ಇಬ್ಬರ ಸ್ಥಿತಿಗತಿ ನೋಡಿ ನಿಗದಿಯಾಗುತ್ತದೆ. ಜೀವನಾಂಶದ ಪ್ರಕರಣಗಳಲ್ಲಿ ಇಬ್ಬರೂ ಆದಾಯ, ಆಸ್ತಿ, ಸಾಲಗಳ ಪ್ರಮಾಣಪತ್ರ (ಅಫಿಡವಿಟ್) ಸಲ್ಲಿಸಬೇಕೆಂದು ಸುಪ್ರೀಂ ಕೋರ್ಟಿನ 2020ರ ರಜನೀಶ್–ನೇಹಾ ತೀರ್ಪು ಹೇಳಿದೆ. "ನನ್ನ ಹತ್ತಿರ ಏನಿದೆ" ಎನ್ನುವವರು ಅಲ್ಲಿ ಬರೆದು ಸಹಿ ಹಾಕಬೇಕಾಗುತ್ತದೆ. ಮಗಳ ಖರ್ಚನ್ನು ಇದರೊಳಗೆ ಕಲೆಸಬೇಡಿ. ಅದು ಅವಳ ಪ್ರತ್ಯೇಕ ಹಕ್ಕು.

ಒಪ್ಪಿಗೆ ಪತ್ರಕ್ಕೆ ಈ ವಾರವೇ ಸಹಿ ಹಾಕುವಂತೆ ಒತ್ತಾಯವಿದೆ ಎಂದಿದ್ದೀರಿ. ಹಾಕಬೇಡಿ. "ಮುಂದೆ ಯಾವ ಹಕ್ಕನ್ನೂ ಕೇಳುವುದಿಲ್ಲ" ಎಂಬ ಸಾಲು ಅದರಲ್ಲಿ ಇದೆಯೇ ಎಂದು ಮೊದಲು ಓದಿಸಿ. ಗೃಹಸಾಲಕ್ಕೆ ನೀವೂ ಸಹಸಾಲಗಾರರಾಗಿದ್ದರೆ ಇನ್ನಷ್ಟು ಎಚ್ಚರ: ನೀವಿಬ್ಬರು ಮಾಡಿಕೊಂಡ ರಾಜಿ ಬ್ಯಾಂಕನ್ನು ಕಟ್ಟಿಹಾಕದು, ಯಜಮಾನರು ಕಂತು ನಿಲ್ಲಿಸಿದರೆ ನೋಟಿಸು ನಿಮಗೂ ಬರುತ್ತದೆ. ಸಾಲದಿಂದ ನಿಮ್ಮ ಹೆಸರು ತೆಗೆದ ಪತ್ರ ಬ್ಯಾಂಕಿನಿಂದಲೇ ಬರಲಿ. ವಕೀಲರ ಫೀಸಿನ ಚಿಂತೆಯಿದ್ದರೆ ಹಾಸನದ ನ್ಯಾಯಾಲಯದ ಆವರಣದಲ್ಲೇ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವನ್ನು ಕೇಳಿ. ಮಹಿಳೆಯರಿಗೆ ಆದಾಯದ ಮಿತಿಯಿಲ್ಲದೆ ಉಚಿತವಾಗಿ ವಕೀಲರನ್ನು ಕೊಡುತ್ತಾರೆ.

— ಸಂಪಾದಕ